ಗಿಟಾರಿನಲ್ಲಿ ಬ್ಲೂಸ್ ಸೋಲೋ: ಟ್ಯಾಬ್ ನೋಡಿ ಕಲಿಯೋದಾ, ಕಿವಿಯಿಂದ ಕಲಿಯೋದಾ?

ಬ್ಲೂಸ್ ಅಮೆರಿಕದ ಒಂದು ಸಂಗೀತ ಶೈಲಿ, ಸೋಲೋ ಅಂದರೆ ಅದರಲ್ಲಿ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ. ಅದನ್ನು ಕಲಿಯಲು ಎಂಟು ತಿಂಗಳಲ್ಲಿ ಮೂರು ದಾರಿ ಹಿಡಿದು ನೋಡಿದೆ. ಟ್ಯಾಬ್, ಬ್ಯಾಕಿಂಗ್ ಟ್ರ್ಯಾಕ್ (ಜೊತೆಗೆ ನುಡಿಸಲು ರೆಕಾರ್ಡ್ ಮಾಡಿದ ಪಕ್ಕವಾದ್ಯ), ಆಮೇಲೆ ಬರೀ ಕಿವಿ.

ಟ್ಯಾಬ್ ಅಂದರೆ ಆರು ತಂತಿಗೆ ಆರು ಗೆರೆ, ಅದರ ಮೇಲೆ ಫ್ರೆಟ್ (ಗಿಟಾರಿನ ಮೆಟ್ಟಿಲು) ನಂಬರು. ನೋಟೇಶನ್ ಓದಲು ಬರದ ನನ್ನಂಥವರಿಗೆ ದೊಡ್ಡ ಅನುಕೂಲ. ಹನ್ನೆರಡು ಬಾರಿನ (ಬಾರ್ ಅಂದರೆ ತಾಳದ ಒಂದು ಆವರ್ತದಂಥ ಅಳತೆ) ಒಂದು ನಿಧಾನ ಸೋಲೋ, ಎ ಶ್ರುತಿಯ ಬ್ಲೂಸ್, ನಾಲ್ಕೇ ದಿನಕ್ಕೆ ಬೆರಳಿಗೆ ಕೂತಿತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಟೈಪಿಂಗ್ ಪರೀಕ್ಷೆ ಕೊಟ್ಟ ಹಾಗಿತ್ತು! ಮೂರನೇ ತಂತಿಯ ಏಳನೇ ಫ್ರೆಟ್ಟಿನಲ್ಲಿ ‘ಫುಲ್’ ಬೆಂಡ್ ಇತ್ತು, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವುದು. ಡಿ ಸ್ವರವನ್ನು ಇ ವರೆಗೆ ಎಳೆಯಬೇಕು. ನಾನು ಮುಕ್ಕಾಲು ದಾರಿಯಲ್ಲೇ ನಿಂತುಬಿಡುತ್ತಿದ್ದೆ. ಕಣ್ಣು ಹಾಳೆಯಲ್ಲಿದ್ದಾಗ ಅದು ಕೇಳಿಸಿಯೇ ಇರಲಿಲ್ಲ. ಎರಡನೇ ತಂತಿಯ ಐದನೇ ಫ್ರೆಟ್ ಅದೇ ಇ. ಅದನ್ನು ಮೊದಲು ಮೀಟಿ, ಆಮೇಲೆ ಎಳೆದು ಹೋಲಿಸಿ. ಬೆರಳು ನೋಯುತ್ತಿದ್ದರೆ ಹತ್ತರ ಸೆಟ್ ಬಿಚ್ಚಿ ಅದಕ್ಕಿಂತ ತೆಳುವಾದ ಒಂಬತ್ತರ ತಂತಿ ಹಾಕಿಸಿಕೊಳ್ಳಿ, ನಾಚಿಕೆ ಬೇಡ.

ಬ್ಯಾಕಿಂಗ್ ಟ್ರ್ಯಾಕ್ ಮಜಾ ಜಾಸ್ತಿ, ಕಲಿಕೆ ಕಮ್ಮಿ. ಬ್ಲೂಸಿಗೆ ಬಳಸುವ ಮೈನರ್ ಪೆಂಟಾಟಾನಿಕ್ ಸ್ವರಶ್ರೇಣಿಯಲ್ಲಿ ಐದೇ ಸ್ವರ, ಯಾವುದನ್ನು ಮೀಟಿದರೂ ಹೆಚ್ಚುಕಮ್ಮಿ ಹೊಂದುತ್ತದೆ. ಹಾಗಾಗಿ ಸುಮ್ನೆ ಮೇಲೆ ಕೆಳಗೆ ಓಡಾಡುತ್ತಿದ್ದೆ. ಒಂದು ಲಾಭ ಮಾತ್ರ ಆಯಿತು. ಹನ್ನೆರಡರಲ್ಲಿ ಐದನೇ ಬಾರ್ ಶುರುವಾದಾಗ ಡಿ7 ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರುವುದು ಎಣಿಸದೆಯೇ ಗೊತ್ತಾಗತೊಡಗಿತು.

ಕಿವಿಯ ದಾರಿಗೆ ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ 1964ರಲ್ಲಿ ಶಿಕಾಗೋದ ರೀಗಲ್ ಥಿಯೇಟರಿನಲ್ಲಿ ಕೊಟ್ಟ ಕಛೇರಿಯ ರೆಕಾರ್ಡಿಂಗ್ ಹಿಡಿದೆ. ಎರಡೇ ಬಾರು, ಅರ್ಧ ವೇಗ. ಮೊದಲು ಬಾಯಲ್ಲಿ ಹಾಡಬೇಕು, ಆಮೇಲೆ ತಂತಿಯಲ್ಲಿ ಹುಡುಕಬೇಕು. ಅಷ್ಟಕ್ಕೇ ಒಂದು ವಾರ ಹಿಡಿಯಿತು. ಕಿಂಗ್ ಹಾಡುವಾಗ ನುಡಿಸುವುದಿಲ್ಲ. ಒಂದು ಸಾಲು ಹಾಡುತ್ತಾರೆ, ಅದಕ್ಕೆ ಗಿಟಾರ್ ಉತ್ತರ ಕೊಡುತ್ತದೆ. ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನಿರುವುದು ನನಗೆ ಬಂದದ್ದು ಹಾಡಿ ಕಲಿತ ಮೇಲೇ.

ಒಂದು ಸಂಜೆ ಎ ಬ್ಲೂಸ್ ನುಡಿಸುತ್ತಿದ್ದಾಗ, ಮನೆಯಲ್ಲೇ ಸಂಗೀತ ಪಾಠ ಹೇಳುವ ನಮ್ಮ ಅತ್ತೆ ಒಳಗಿಂದ ಬಂದರು. “ಶುದ್ಧ ಧನ್ಯಾಸಿ ಅಲ್ವೇನೋ ಇದು? ಗಾಂಧಾರ ಯಾಕೆ ಮೇಲಕ್ಕೆ ಜಾರ್ತಿದೆ?” ಆ ರಾಗದ ಸ್ವರಗಳೂ ಇವೇ. ಜಾರುವುದೇ ಬ್ಲೂಸ್ ಅಂದೆ. ಎ ಷಡ್ಜವಾದರೆ ಸಿ ಸಾಧಾರಣ ಗಾಂಧಾರ, ಸಿ ಶಾರ್ಪ್ ಅಂತರ ಗಾಂಧಾರ. ಅವೆರಡರ ನಡುವೆ ಎಲ್ಲೋ ನಿಲ್ಲಬೇಕು. ಟ್ಯಾಬಿನಲ್ಲಿ ಅದಕ್ಕೆ ಕಾಲು (¼) ಅಂತ ಒಂದು ಸಣ್ಣ ಬಾಣ ಇರುತ್ತದೆ, ಅಷ್ಟೇ.

ಈಗ ಟ್ಯಾಬ್ ತೆಗೆಯುವುದು ಯಾವ ತಂತಿಯಲ್ಲಿ ನುಡಿಸಿದ್ದಾರೆ ಅಂತ ತಿಳಿಯದೆ ಒದ್ದಾಡುವಾಗ ಮಾತ್ರ. ಬ್ಯಾಕಿಂಗ್ ಟ್ರ್ಯಾಕ್ ಭಾನುವಾರಕ್ಕೆ. ಅತ್ತೆ ಮಾತ್ರ ದಿನಾ ಕೇಳುತ್ತಾರೆ, “ಆ ಗಾಂಧಾರ ಸಿಕ್ತೇನೋ?”