ಲಿನಕ್ಸ್ ಮೇಲೆ ವಿಂಡೋಸ್ ಓಡಿಸಲು ಯಾವುದು ಒಳ್ಳೆಯದು? ವರ್ಟ್-ಮ್ಯಾನೇಜರ್ ದೀರ್ಘ ಬಳಕೆಯ ವಿಮರ್ಶೆ

ಮುಂಬೈ, ಪುಣೆಯ ಕನ್ನಡಿಗರ ಕಚೇರಿಗಳಲ್ಲಿ ಲಿನಕ್ಸ್ ಹಾಕಿಕೊಂಡವರಿಗೂ ವಿಂಡೋಸ್ ಪೂರ್ತಿ ಬಿಟ್ಟುಹೋಗುವುದಿಲ್ಲ. ಹೋಟೆಲಿನ ಲೆಕ್ಕ ಟ್ಯಾಲಿಯಲ್ಲಿರುತ್ತದೆ, ಜಿಎಸ್‌ಟಿ ಕೆಲಸಕ್ಕೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚಬೇಕಾಗುತ್ತದೆ, ಸಂಘದ ಹಳೆಯ ಸ್ಮರಣ ಸಂಚಿಕೆಗಳು ಪೇಜ್‌ಮೇಕರ್ ಕಡತಗಳಲ್ಲಿ ನುಡಿಯದ್ದೋ ಶ್ರೀಲಿಪಿಯದ್ದೋ ಫಾಂಟಿನಲ್ಲಿ ಕೂತಿರುತ್ತವೆ. ಇಂಥ ಕೆಲಸಕ್ಕೆ ವರ್ಚುವಲ್ ಮಷೀನ್, ಅಂದರೆ ಲಿನಕ್ಸ್ ಒಳಗೇ ಓಡುವ ತಂತ್ರಾಂಶದ ಕಂಪ್ಯೂಟರ್, ಬೇಕೇ ಬೇಕು. ಹೊರಗಿನ ಲಿನಕ್ಸ್ ಹೋಸ್ಟ್, ಒಳಗಿನ ವಿಂಡೋಸ್ ಗೆಸ್ಟ್. ಆರಿಸುವಾಗ ಸೌಲಭ್ಯಗಳ ಪಟ್ಟಿ ನೋಡಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ಯಾವುದು ತಕರಾರಿಲ್ಲದೆ ಏಳುತ್ತದೆ ಎಂಬುದನ್ನು ನೋಡಿ.

ಈ ಲೆಕ್ಕದಲ್ಲಿ ಲಿನಕ್ಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಕೆವಿಎಂ ಮುಂದಿದೆ. 2007ರಲ್ಲಿ ಬಂದ 2.6.20 ಆವೃತ್ತಿಯಿಂದಲೂ ಅದು ಕರ್ನಲ್‌ನ ಒಳಗೇ ಇದೆ. ಕರ್ನಲ್ ಬದಲಾದರೆ ಅದೂ ಜೊತೆಗೇ ಬದಲಾಗುತ್ತದೆ. ವರ್ಟ್-ಮ್ಯಾನೇಜರ್ ಅದನ್ನು ನಡೆಸುವ ಕಿಟಕಿ ಅಷ್ಟೇ. ಇಂಥದೇ ಬೇರೆ ತಂತ್ರಾಂಶಗಳಾದ ವರ್ಚುವಲ್‌ಬಾಕ್ಸ್ ಮತ್ತು ವಿಎಂವೇರ್ ವರ್ಕ್‌ಸ್ಟೇಷನ್ ಹಾಗಲ್ಲ. ಅವುಗಳ ಮಾಡ್ಯೂಲ್‌ಗಳು (ಕರ್ನಲ್‌ಗೆ ಸೇರುವ ತುಣುಕುಗಳು) ಹೊರಗಿನವು, ಹೊಸ ಕರ್ನಲ್‌ಗೆ ಮತ್ತೆ ಕಂಪೈಲ್ ಆಗಬೇಕು. ಸಹಿಯಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಇದ್ದರೆ ಸಹಿಯೂ ಆಗಬೇಕು. ವರ್ಚುವಲ್‌ಬಾಕ್ಸ್ ತೋರಿಸುವ -1908 ದೋಷ ಸಾಮಾನ್ಯವಾಗಿ ಇದೇ. ಮಾಡ್ಯೂಲನ್ನು ತಾನೇ ಮತ್ತೆ ಕಂಪೈಲ್ ಮಾಡುವ ಡಿಕೆಎಂಎಸ್ ಹಾಕಿ, ಸಹಿಗೆ ಬಳಸುವ ಮೋಕ್ ಕೀಲಿಯನ್ನು ನೋಂದಾಯಿಸಿದರೆ ಸರಿಹೋಗುತ್ತದೆ. 6.12 ಮತ್ತು ನಂತರದ ಕರ್ನಲ್‌ಗಳಲ್ಲಿ ಇನ್ನೊಂದು ತೊಡಕಿದೆ: ಕೆವಿಎಂ ಮಾಡ್ಯೂಲ್ ಲೋಡ್ ಆದೊಡನೆ ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು ತಾನೇ ಹಿಡಿದುಕೊಳ್ಳುವುದರಿಂದ ವರ್ಚುವಲ್‌ಬಾಕ್ಸ್ ಶುರುವಾಗದೆ ಹೋಗಬಹುದು.

ಆದರೂ ವಿಎಂವೇರ್‌ಗೆ ಒಂದು ಜಾಗವಿದೆ. ವಿಂಡೋಸ್ ಒಳಗೆ ಕ್ಯಾಡ್ ಅಥವಾ 3ಡಿ ಕೆಲಸವಿದ್ದರೆ ಅದನ್ನೇ ತೆಗೆದುಕೊಳ್ಳಿ. ಎರಡನೇ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಕೆವಿಎಂ ಇಲ್ಲಿ ಸೋಲುತ್ತದೆ. 2024ರ ನವೆಂಬರಿನಿಂದ ವರ್ಕ್‌ಸ್ಟೇಷನ್ ಪ್ರೊ ವ್ಯಾಪಾರಿ ಬಳಕೆಗೂ ಉಚಿತ. ವರ್ಚುವಲ್‌ಬಾಕ್ಸ್‌ನ ಎಕ್ಸ್‌ಟೆನ್ಷನ್ ಪ್ಯಾಕ್ ಮಾತ್ರ ಉಚಿತವಾಗಿ ಸಿಗುವುದು ಸ್ವಂತ ಬಳಕೆಗೆ, ಕಚೇರಿಗಲ್ಲ.

ಇನ್ನು ವರ್ಟ್-ಮ್ಯಾನೇಜರ್ ಹೊಂದಿಸುವುದು. ಮೊದಲು ಬಯೋಸ್‌ನಲ್ಲಿ ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು (ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ) ಆನ್ ಮಾಡಿ. ನಿಮ್ಮ ಬಳಕೆದಾರ ಹೆಸರನ್ನು ವರ್ಚುವಲ್ ಮಷೀನ್ ನಡೆಸಲು ಅನುಮತಿ ಕೊಡುವ ಲಿಬ್‌ವರ್ಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಅದನ್ನು ತಂತ್ರಾಂಶದಲ್ಲೇ ಒದಗಿಸುವ ಎಸ್‌ಡಬ್ಲ್ಯೂಟಿಪಿಎಂ ಪ್ಯಾಕೇಜ್ ಹಾಕಿ. ಡಿಸ್ಕ್ ಕನಿಷ್ಠ 64 ಜಿಬಿ. ಮೆಮೊರಿ 4 ಜಿಬಿ ಸಾಕೆಂದು ಬರೆದಿದ್ದರೂ ಅಷ್ಟರಲ್ಲಿ ಟ್ಯಾಲಿಯ ಜೊತೆ ಬ್ರೌಸರ್ ತೆರೆದರೆ ತೆವಳುತ್ತದೆ. 16 ಜಿಬಿ ಇರುವ ಮಷೀನಿನಲ್ಲಿ 6ರಿಂದ 8 ಕೊಡಿ.

ಕೊನೆಯ ಪರದೆಯಲ್ಲಿ 'ಸ್ಥಾಪಿಸುವ ಮುನ್ನ ಬದಲಾಯಿಸು' ಎಂಬ ಚೌಕವನ್ನು ಗುರುತು ಮಾಡದೆ ಮುಂದೆ ಹೋಗಲೇಬೇಡಿ. ಬೂಟ್ ಆಗಲು ಹೊಸ ಬಗೆಯ ಯುಇಎಫ್‌ಐ ಬೇಕೋ ಹಳೆಯ ಬಯೋಸ್ ಬೇಕೋ ಎಂದು ತೀರ್ಮಾನಿಸಬೇಕಾದ್ದು ಅಲ್ಲೇ. ಅಲ್ಲೇ ಸಿಪಿಯು ಟೋಪಾಲಜಿಯನ್ನೂ ನೋಡಿ: ಒಂದು ಸಾಕೆಟ್, ನಾಲ್ಕು ಕೋರ್. ನಾಲ್ಕು ಸಾಕೆಟ್ ಎಂದಿದ್ದರೆ ವಿಂಡೋಸ್ ಹೋಮ್ ಒಂದನ್ನೇ ಬಳಸುತ್ತದೆ, ಪ್ರೊ ಎರಡನ್ನು. ವಿಂಡೋಸ್ ನಿಧಾನ ಎಂದು ದೂರುವವರು ಮೊದಲು ನೋಡಬೇಕಾದ್ದು ಇದನ್ನೇ.

ಡಿಸ್ಕ್ ಬಸ್ (ಡಿಸ್ಕ್ ಜೋಡಿಸುವ ಬಗೆ) ವರ್ಚುವಲ್ ಮಷೀನಿಗೆಂದೇ ಮಾಡಿದ ವರ್ಟಿಯೋ ಇರಲಿ, ಡಿಸ್ಕಾರ್ಡ್ 'ಅನ್‌ಮ್ಯಾಪ್' ಇರಲಿ. ಆಗ ಒಳಗೆ ಅಳಿಸಿದ ಜಾಗ ಹೋಸ್ಟ್‌ಗೆ ಮರಳುತ್ತದೆ. ಆದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಈ ಡಿಸ್ಕ್ ಕಾಣುವುದಿಲ್ಲ. ವರ್ಟಿಯೋ-ವಿನ್ ಐಎಸ್‌ಒ ಅನ್ನು ಎರಡನೇ ಸಿಡಿಯಾಗಿ ಕೊಟ್ಟು, 'ಲೋಡ್ ಡ್ರೈವರ್' ಒತ್ತಿ, ವಯೋಸ್ಟೋರ್ ಫೋಲ್ಡರಿನಿಂದ ಡ್ರೈವರ್ ಆರಿಸಿ.

ಡಿಸ್ಕಿನ ಕ್ಯಾಷ್ ಮೋಡ್ 'ಅನ್‌ಸೇಫ್' ಮಾಡಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಓಡಾಡುತ್ತಿರುತ್ತದೆ. ವೇಗ ಬರುವುದು ನಿಜ. ಆದರೆ ಗೆಸ್ಟ್ 'ಈಗಲೇ ಡಿಸ್ಕಿಗೆ ಬರೆ' ಎಂದದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋವಾದ ಮಳೆಗಾಲದಲ್ಲಿ ಕರೆಂಟ್ ಹೋದಾಗ ಯುಪಿಎಸ್ ಇಲ್ಲದಿದ್ದರೆ ಟ್ಯಾಲಿಯ ದತ್ತಾಂಶವೇ ಕೆಡಬಹುದು.

ಡಿಎಸ್‌ಸಿ ಟೋಕನ್ ಅನ್ನು ಯುಎಸ್‌ಬಿ ಹೋಸ್ಟ್ ಡಿವೈಸ್ ಆಗಿ ಸೇರಿಸಿ. 'ಬ್ಯುಸಿ' ಎಂದರೆ ಹೋಸ್ಟ್‌ನಲ್ಲಿ ಸ್ಮಾರ್ಟ್‌ಕಾರ್ಡ್ ನೋಡಿಕೊಳ್ಳುವ ಪಿಸಿಎಸ್‌ಸಿಡಿ ಸೇವೆ ಅದನ್ನು ಹಿಡಿದಿರುವ ಸಾಧ್ಯತೆಯೇ ಹೆಚ್ಚು, ನಿಲ್ಲಿಸಿ ನೋಡಿ. ಬೇರೆ ಕಂಪ್ಯೂಟರುಗಳಿಂದ ಗೆಸ್ಟ್‌ನ ಟ್ಯಾಲಿಗೆ ಬರಬೇಕಾದರೆ ಗೆಸ್ಟನ್ನು ಕಚೇರಿಯ ಜಾಲಕ್ಕೆ ನೇರವಾಗಿ ಸೇರಿಸುವ ಬ್ರಿಡ್ಜ್ ಬೇಕು, ಅದಕ್ಕೆ ಈಥರ್ನೆಟ್ ಕೇಬಲ್ಲೇ ಆಗಬೇಕು. ವೈಫೈ ಮೇಲೆ ಬ್ರಿಡ್ಜ್ ಸಾಮಾನ್ಯವಾಗಿ ನಡೆಯುವುದಿಲ್ಲ, ಏಕೆಂದರೆ ಹೆಚ್ಚಿನ ರೂಟರುಗಳು ಒಂದು ಸಂಪರ್ಕದಲ್ಲಿ ಎರಡು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಒಪ್ಪುವುದಿಲ್ಲ. ಪೇಜ್‌ಮೇಕರ್‌ಗೆಂದು ಇಟ್ಟ ವಿಂಡೋಸ್ ಎಕ್ಸ್‌ಪಿಗೆ ಹಳೆಯ ಬಗೆಯ ಐಡಿಇ ಡಿಸ್ಕ್ ಕೊಡಿ, ಸುರಕ್ಷತೆಗಾಗಿ ನೆಟ್‌ವರ್ಕ್ ಕಾರ್ಡನ್ನೇ ತೆಗೆದುಬಿಡಿ.

ವರ್ಚುವಲ್‌ಬಾಕ್ಸ್‌ನಿಂದ ಬರುವವರು ವಿಡಿಐ ಡಿಸ್ಕ್ ಕಡತವನ್ನು ಕೆವಿಎಂ ಬಳಸುವ ಕ್ಯೂಕೌ2 ರೂಪಕ್ಕೆ ಬದಲಿಸಿ ನೇರವಾಗಿ ವರ್ಟಿಯೋಗೆ ಹಾಕಿದರೆ ನೀಲಿ ಪರದೆ ಖಚಿತ. ಮೊದಲು ಸಾಟಾದಲ್ಲಿ ಎಬ್ಬಿಸಿ, ಚಿಕ್ಕದೊಂದು ಎರಡನೇ ಡಿಸ್ಕನ್ನು ವರ್ಟಿಯೋ ಆಗಿ ಸೇರಿಸಿ, ಡ್ರೈವರ್ ಕೂತ ಮೇಲೆ ಮುಖ್ಯ ಡಿಸ್ಕನ್ನು ಬದಲಿಸಿ.

ಬ್ಯಾಕಪ್ ತೆಗೆಯುವಾಗ ಗೆಸ್ಟ್ ಆಫ್ ಆಗಿರಲಿ, ಡಿಸ್ಕ್ ಕಡತದ ಜೊತೆಗೆ ಮಷೀನಿನ ಹೊಂದಿಕೆಯಿರುವ ಎಕ್ಸ್‌ಎಂಎಲ್, ಯುಇಎಫ್‌ಐ ಹೊಂದಿಕೆಯಿರುವ ಎನ್‌ವಿರ‍್ಯಾಮ್ ಮತ್ತು ಎಸ್‌ಡಬ್ಲ್ಯೂಟಿಪಿಎಂ ಫೋಲ್ಡರನ್ನೂ ನಕಲಿಸಿ. ಕೊನೆಯದು ತಪ್ಪಿದರೆ, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಆನ್ ಆಗಿರುವ ವಿಂಡೋಸ್ ಹೊಸ ಮಷೀನಿನಲ್ಲಿ ರಿಕವರಿ ಕೀಲಿ ಕೇಳಿ ಅಲ್ಲಿಯೇ ನಿಲ್ಲುತ್ತದೆ.