ದಿನದ ಅರ್ಧ ಗಂಟೆ, ಭಾನುವಾರದ ಕೋಟೆ, ಪದಗಳ ಪಟ್ಟಿ, ಒಂದು ಕಥೆ: ಇಲಸ್ಟ್ರೇಟರ್ ಆಗುವವರಿಗೆ ಯಾವ ಅಭ್ಯಾಸ ಸರಿ?

ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಮುಗಿಸಿದವರಿಗೂ ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿ ಹೊರಬಂದವರಿಗೂ ಎದುರಾಗುವ ತೊಡಕು ಒಂದೇ. ಮೇಷ್ಟ್ರು ಕೊಡುವ ವರ್ಕ್ ನಿಂತ ಮೇಲೆ ಕೈಯೂ ನಿಲ್ಲುತ್ತದೆ. ಮತ್ತೆ ಶುರು ಮಾಡಬೇಕೆಂದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ನಾಲ್ಕು: ದಿನವೂ ಸ್ವಲ್ಪ ಚಿತ್ರ ಬರೆಯಿರಿ, ವಾರಕ್ಕೊಮ್ಮೆ ಹೊರಗೆ ಹೋಗಿ ಹೊತ್ತು ಕೊಟ್ಟು ಬರೆಯಿರಿ, ತಿಂಗಳ ಪದಪಟ್ಟಿ ಹಿಡಿದು ದಿನಕ್ಕೊಂದು ಚಿತ್ರ ಮಾಡಿ, ಒಂದು ಕಥೆ ಆರಿಸಿಕೊಂಡು ಅದಕ್ಕೆ ಪೂರ್ತಿ ಚಿತ್ರ ಬರೆಯಿರಿ. ನಾಲ್ಕನ್ನೂ ಒಂದೇ ಅಳತೆಯ ಎ5 ಪುಸ್ತಕ, ಒಂದೇ 0.3 ಮಿಲಿಮೀಟರ್ ಪೆನ್ನಿನಲ್ಲಿ ಮಾಡಿ ನೋಡಿದ್ದೇವೆ. ಸಾಮಗ್ರಿ ಬದಲಾದರೆ ಫಲ ಅಭ್ಯಾಸದ್ದೋ ಪೆನ್ನಿನದ್ದೋ ತಿಳಿಯುವುದಿಲ್ಲ.

ಅಳೆದು ನೋಡಿದ್ದು ಮೂರು ಸಂಗತಿ. ಅಭ್ಯಾಸ ಎಷ್ಟು ಸುಲಭವಾಗಿ ಮುರಿಯುತ್ತದೆ? ಕೈಗೆ, ಕಣ್ಣಿಗೆ ಏನು ಕಲಿಸುತ್ತದೆ? ಕೊನೆಗೆ ಒಬ್ಬ ಸಂಪಾದಕರ ಮುಂದೆ ಇಡುವಂಥ ಪುಟ ಹುಟ್ಟುತ್ತದೆಯೇ? ಮೂರನೆಯದನ್ನು ಕೇಳುವವರು ಕಡಿಮೆ. ಕಥೆ, ಲೇಖನಗಳಿಗೆ ಚಿತ್ರ ಬರೆಯುವ ಇಲಸ್ಟ್ರೇಟರ್‌ಗೆ ಅದೇ ಮುಖ್ಯ ಪ್ರಶ್ನೆ.

ದಿನಕ್ಕೆ ಅರ್ಧ ಗಂಟೆ

ಅರ್ಧ ಗಂಟೆಯನ್ನು ಹೀಗೆ ಹಂಚಿಕೊಂಡರೆ ಕೆಲಸ ಆಗುತ್ತದೆ: ಒಂದೊಂದು ನಿಮಿಷದ ಐದು ಭಂಗಿಗಳು, ಇಪ್ಪತ್ತು ನಿಮಿಷ ಒಂದೇ ವಿಷಯ, ಉಳಿದ ಐದು ನಿಮಿಷ ತಾರೀಖು, ಜಾಗ ಬರೆದು ಎಲ್ಲಿ ತಪ್ಪಿತು ಎಂದು ಒಂದು ಸಾಲಿನ ಟಿಪ್ಪಣಿ. ಟಿಪ್ಪಣಿ ಬಿಡಬೇಡಿ. ‘ಮೊಣಕೈ ಎಲ್ಲಿದೆ ಗೊತ್ತಾಗಲಿಲ್ಲ’ ಎಂಬ ಸಾಲೇ ನಾಳೆ ಏನು ನೋಡಬೇಕೆಂದು ಹೇಳುತ್ತದೆ.

ಚಲಿಸುವ ಮನುಷ್ಯರನ್ನು ಬರೆಯಲು ದಾವಣಗೆರೆಯಷ್ಟು ಅನುಕೂಲದ ಊರು ಅಪರೂಪ. ಇಲ್ಲಿ ಒಂದೇ ಚಲನೆ ಮತ್ತೆ ಮತ್ತೆ ನಡೆಯುವ ಕೆಲಸಗಳು ಕಣ್ಣೆದುರೇ ಇವೆ. ಬೆಣ್ಣೆ ದೋಸೆ ಹೋಟೆಲಿನ ಒಲೆಯ ಎದುರು ಜಾಗ ಹಿಡಿದು ಪುಟವನ್ನು ನಾಲ್ಕು ಭಾಗ ಮಾಡಿ: ಹಿಟ್ಟು ಹೊಯ್ಯುವುದು, ಹರಡುವುದು, ಬೆಣ್ಣೆ ಹಾಕುವುದು, ಮಡಚಿ ಎತ್ತುವುದು. ಮೊದಲ ದೋಸೆಗೆ ನಾಲ್ಕು ಭಾಗದಲ್ಲೂ ಬೆನ್ನಿನ ಗೆರೆ ಮಾತ್ರ, ಎರಡನೆಯದಕ್ಕೆ ಭುಜ ಮತ್ತು ಮೊಣಕೈ, ಮೂರನೆಯದಕ್ಕೆ ತಲೆ ಬಾಗಿದ ಕೋನ. ಅದೇ ಭಂಗಿ ತಿರುಗಿ ಬರುತ್ತದಾದ್ದರಿಂದ ಗಾಬರಿ ಬೇಡ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರಲ್ಲಿ ಕಲಿಯಬೇಕಾದ್ದು ಭಾರ. ಮೊದಲು ಹಿಮ್ಮಡಿ ಎಲ್ಲಿ ಊರಿದೆ ನೋಡಿ ಚುಕ್ಕೆ ಇಡಿ, ಅಲ್ಲಿಂದ ಕತ್ತಿನವರೆಗೆ ಒಂದೇ ಗೆರೆ ಎಳೆಯಿರಿ. ಆ ಗೆರೆ ಚೀಲದ ಭಾರಕ್ಕೆ ಬಾಗದಿದ್ದರೆ ಸ್ನಾಯುಗಳನ್ನು ಎಷ್ಟು ತುಂಬಿದರೂ ಚೀಲದಲ್ಲಿ ಹತ್ತಿ ಇದ್ದಂತೆ ಕಾಣುತ್ತದೆ. ಕಲಾವಿದ ಕೆ.ಕೆ. ಹೆಬ್ಬಾರರ (1911–1996) ನರ್ತಕರ, ವಾದ್ಯಗಾರರ ರೇಖಾಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಎಷ್ಟು ಗೆರೆ ಬಿಟ್ಟರೂ ಭಾರ ಮತ್ತು ಲಯ ಉಳಿಯುತ್ತವೆ ಎಂಬುದು ತಿಳಿಯುತ್ತದೆ.

ಭಂಗಿಗೆ ಬಾಲ್ ಪೆನ್ ಒಳ್ಳೆಯದು. ಒತ್ತಡಕ್ಕೆ ತಕ್ಕಂತೆ ಗೆರೆ ತೆಳುವಾಗಿ, ದಪ್ಪವಾಗಿ ಬರುತ್ತದೆ. ಪೆನ್ಸಿಲ್ ಹಿಡಿದರೆ ಜೊತೆಗೆ ರಬ್ಬರೂ ಬರುತ್ತದೆ, ಒಂದು ನಿಮಿಷದಲ್ಲಿ ಇಪ್ಪತ್ತು ಸೆಕೆಂಡು ಅಳಿಸುವುದಕ್ಕೇ ಹೋಗುತ್ತದೆ.

ಈ ದಾರಿ ಕೆಡುವುದು ಮೂರನೆಯ, ನಾಲ್ಕನೆಯ ವಾರದಲ್ಲಿ. ಪುಸ್ತಕ ತುಂಬುತ್ತಿರುತ್ತದೆ, ಆದರೆ ಎಲ್ಲ ಪುಟಗಳಲ್ಲೂ ಮೊಬೈಲ್ ನೋಡುತ್ತ ಕೂತವರ ಪಕ್ಕದ ನೋಟ, ಚಹಾ ಲೋಟ, ಕುಂಡದ ಗಿಡ. ಕೈಗಳು ಜೇಬಿನಲ್ಲಿ, ಹಿಂಬದಿ ಖಾಲಿ. ಸೋಮಾರಿತನ ಇದಕ್ಕೆ ಕಾರಣವಲ್ಲ. ಇಪ್ಪತ್ತು ನಿಮಿಷದಲ್ಲಿ ಮನುಷ್ಯ ಮತ್ತು ಜಾಗ ಎರಡೂ ಮುಗಿಯುವುದಿಲ್ಲ, ಹಾಗಾಗಿ ಕೈ ಮುಗಿಸಬಲ್ಲದ್ದನ್ನೇ ಆರಿಸಿಕೊಳ್ಳುತ್ತದೆ. ವಾರದಲ್ಲಿ ಎರಡು ದಿನ ಮನುಷ್ಯರಿಲ್ಲದ ಜಾಗ, ಒಂದು ದಿನ ಬರೀ ಕೈ ಎಂದು ಕಟ್ಟು ಹಾಕಿಕೊಂಡರೆ ಸ್ವಲ್ಪ ಸರಿಹೋಗುತ್ತದೆ. ಪೂರ್ತಿ ಸರಿಹೋಗುವುದಿಲ್ಲ. ಕೈ ಸಡಿಲವಾಗಿಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲವಾದರೂ, ಇದೊಂದರಿಂದಲೇ ಇಲಸ್ಟ್ರೇಟರ್ ಆದವರನ್ನು ನಾವು ಕಂಡಿಲ್ಲ.

ಭಾನುವಾರ ಕೋಟೆಯಲ್ಲಿ

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್, ಬೆಳಗಿನ ಬಸ್ಸು ಹಿಡಿದರೆ ಬಿಸಿಲೇರುವ ಮೊದಲೇ ಕೋಟೆಯಲ್ಲಿರಬಹುದು. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಂಡೆಯ ಮೇಲೆ ಕೂರಲಾಗದು. ಚೀಲದಲ್ಲಿ ತಿಂಡಿ ಇಟ್ಟುಕೊಂಡು ಬರೆಯಲು ಕೂತರೆ ಕೋತಿಗಳು ಕೆಲಸ ಮಾಡಗೊಡುವುದಿಲ್ಲ. ತಿಂದೇ ಹೋಗಿ.

ಮೊದಲ ಕಾಲು ಗಂಟೆ ಪುಸ್ತಕ ತೆರೆಯದೆ ಸುತ್ತಾಡಿ. ನಂತರ ಬೆಂಕಿಪೊಟ್ಟಣದ ಅಳತೆಯ ನಾಲ್ಕು ಚೌಕ ಹಾಕಿ, ಒಂದೇ ದೃಶ್ಯವನ್ನು ನಾಲ್ಕು ಕಡೆಯಿಂದ ಬಿಳಿ, ಬೂದು, ಕಪ್ಪು ಮೂರೇ ಛಾಯೆಯಲ್ಲಿ ಇಡಿ. ಆರಿಸಿದ್ದನ್ನು ದೊಡ್ಡದಾಗಿ ತೆಗೆಯುವಾಗ ಮೊದಲು ಮಾಡಬೇಕಾದ್ದು ನೆರಳಿನ ಅಂಚನ್ನು ಗೆರೆಯಲ್ಲಿ ಹಿಡಿದಿಡುವುದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಎರಡು ಗಂಟೆ ಕೂತರೆ 30 ಡಿಗ್ರಿ. ನೆರಳನ್ನು ಕೊನೆಗೆ ಹಾಕುವವರ ಚಿತ್ರದಲ್ಲಿ ಬಾಗಿಲಿಗೆ ಎಂಟು ಗಂಟೆ, ಬುರುಜಿಗೆ ಹತ್ತು ಗಂಟೆ ಆಗಿರುತ್ತದೆ. ಕಲ್ಲು ಎಷ್ಟು ಚೆನ್ನಾಗಿ ಬಂದರೂ ಬೆಳಕು ನಂಬಿಕೆ ಹುಟ್ಟಿಸುವುದಿಲ್ಲ.

ದುರ್ಗದ ಕಲ್ಲಿನಲ್ಲಿ ಎರಡು ಬಗೆಯ ಗೆರೆಗಳಿವೆ. ಗ್ರಾನೈಟ್ ಬಂಡೆ ಬಿಸಿಲು, ಮಳೆಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿಯುತ್ತದೆ, ಆದ್ದರಿಂದ ಅದರ ಬಿರುಕುಗಳು ಬಂಡೆಯ ಉಬ್ಬನ್ನೇ ಹಿಂಬಾಲಿಸುತ್ತವೆ. ಗಾರೆಯಿಲ್ಲದೆ ಕೂಡಿಸಿದ ಕೋಟೆಗೋಡೆಯ ಸಂದುಗಳು ನೇರ, ಕೋನ ಕೋನ. ಎರಡನ್ನೂ ಒಂದೇ ಒತ್ತಿನಲ್ಲಿ ಎಳೆದರೆ ಗೋಡೆ ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಯಿತೋ ಗೊತ್ತಾಗದು. ಬಂಡೆಗೆ ಮುರಿದು ಮುರಿದು ಬರುವ ಸಡಿಲ ಗೆರೆ, ಗೋಡೆಗೆ ಗಟ್ಟಿ ಗೆರೆ ಇರಲಿ. ಎಲ್ಲ ಕಲ್ಲುಗಳನ್ನೂ ಬರೆಯಬೇಡಿ. ಹತ್ತಿರದ ಹತ್ತು ಹನ್ನೆರಡು ಕಲ್ಲು, ಮೇಲಂಚು, ನೆರಳು ಬಿದ್ದ ಮೂಲೆ ಸಾಕು.

ಬಣ್ಣ ಹಾಕುವುದಾದರೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಮತ್ತು ಅಲ್ಟ್ರಾಮರೀನ್ (ಗಾಢ ನೀಲಿ) ಎರಡೇ ಈ ಕಲ್ಲಿನ ಬೂದು ಬಣ್ಣಕ್ಕೆ ಸಾಕು: ಬಿಸಿಲಿಗೆ ಸಿಯೆನ್ನಾ ಹೆಚ್ಚು, ನೆರಳಿಗೆ ನೀಲಿ ಹೆಚ್ಚು. ಕಪ್ಪು ಬಣ್ಣ ಬೆರೆಸಿದರೆ ಕಲ್ಲು ಸಿಮೆಂಟಾಗುತ್ತದೆ. ಇಲ್ಲಿಯ ಒಣಗಾಳಿಗೆ ವಾಷ್ (ನೀರುಬಣ್ಣದ ತೆಳು ಲೇಪ) ಅಂಚು ತಲುಪುವ ಮೊದಲೇ ಆರಿ ನಡುವೆ ಗೆರೆ ಮೂಡುತ್ತದೆ. ಬೇಕಾದ್ದಕ್ಕಿಂತ ದುಪ್ಪಟ್ಟು ಬಣ್ಣ ಮೊದಲೇ ಕಲಸಿಡಿ, ಕಾಗದವನ್ನು ನೀರಿನಿಂದ ಒಮ್ಮೆ ಒದ್ದೆ ಮಾಡಿ, ಎ5ಗಿಂತ ದೊಡ್ಡದಕ್ಕೆ ಹೋಗಬೇಡಿ. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಹತ್ತಿ ಕಾಗದ ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಬೆಲೆಯೂ ಹೆಚ್ಚು. ಬರೀ ಪೆನ್ನಿನ ಕೆಲಸಕ್ಕೆ ಅದು ದಂಡ, 150 ಜಿಎಸ್‌ಎಂ ಕಾರ್ಟ್ರಿಜ್ ಕಾಗದವೇ ಸಾಕು.

ಈ ದಾರಿಯ ಲಾಭ ದೊಡ್ಡದು: ಬೆಳಕು, ಆಳ, ಪುಟದ ಕಟ್ಟೋಣ. ಆದರೆ ಒಂದು ಭಾನುವಾರ ಮದುವೆಗೋ ಮಳೆಗೋ ಹೋದರೆ ಎರಡು ವಾರದ ಅಂತರ ಬೀಳುತ್ತದೆ, ಮುಂದಿನ ಸಲ ಮೊದಲ ಗಂಟೆ ಕೈ ಸಡಿಲಿಸುವುದಕ್ಕೇ ಹೋಗುತ್ತದೆ. ಅಷ್ಟು ದೂರ ಬಂದಮೇಲೆ ಚಂದದ ಚಿತ್ರ ಒಯ್ಯಲೇಬೇಕೆಂಬ ಹಟವೂ ಸೇರಿ, ಬರುವುದನ್ನೇ ಮಾಡುತ್ತೇವೆ. ನಿಸರ್ಗಚಿತ್ರ ಮಾಡುವವರಿಗೆ ಇದೇ ಮೊದಲ ಆಯ್ಕೆ. ಇಲಸ್ಟ್ರೇಟರ್‌ಗೆ ತಿಂಗಳಿಗೆ ಒಂದೆರಡು ಸಲ ಸಾಕು.

ಪದಗಳ ಪಟ್ಟಿ

ಅಕ್ಟೋಬರ್ ತಿಂಗಳ 31 ದಿನ ಮಸಿಯಲ್ಲಿ ದಿನಕ್ಕೊಂದು ಚಿತ್ರ ಎಂಬ ಇಂಕ್ಟೋಬರ್ ಅನ್ನು ಅಮೆರಿಕದ ಇಲಸ್ಟ್ರೇಟರ್ ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದರು. ‘ಇವತ್ತು ಏನು ಬರೆಯಲಿ’ ಎಂಬ ತಲೆಬಿಸಿ ಇಲ್ಲ, ಜೊತೆಗೆ ಬರೆಯುವವರೂ ಇರುತ್ತಾರೆ. ಒಂದು ತಿಂಗಳಿಗೆ ಒಳ್ಳೆಯದೇ. ಆದರೆ ಇಂದಿನ ಪದಕ್ಕೂ ನಾಳೆಯದಕ್ಕೂ ಸಂಬಂಧವಿಲ್ಲ, ದಿನವೂ ಹೊಸ ಶುರು. ಒಂದೇ ಪಾತ್ರವನ್ನು ಎರಡು ಸಲ ಬರೆಯುವ ಸಂದರ್ಭವೇ ಬರುವುದಿಲ್ಲ. ಎರಡನೆಯ ವಾರದಿಂದ ಫೋನಿನಲ್ಲಿ ಹುಡುಕಿ ಸಿಕ್ಕಿದ್ದನ್ನು ನಕಲು ಮಾಡುವುದು ಶುರುವಾಗುತ್ತದೆ. ಪಟ್ಟಿ ಬೇಕೇ ಬೇಕಿದ್ದರೆ ಹೋಗಿ ಕಣ್ಣಾರೆ ನೋಡಬಹುದಾದ ಸಂಗತಿಗಳ ಪಟ್ಟಿ ಮಾಡಿಕೊಳ್ಳಿ: ಮಂಡಕ್ಕಿ ಭಟ್ಟಿ, ಚಳ್ಳಕೆರೆಯ ಕಂಬಳಿ, ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲು, ಹರಿಹರದ ದೇವಸ್ಥಾನದ ಕಂಬ.

ಒಂದು ಕಥೆ, ಐದು ಚಿತ್ರ

ನಮ್ಮ ಮತ ಇದಕ್ಕೆ. ಇಲಸ್ಟ್ರೇಷನ್ ಎಂದರೆ ಮೊದಲು ಆಯ್ಕೆ: ಕಥೆಯ ಯಾವ ಕ್ಷಣ, ಯಾರ ಕಣ್ಣಿನಿಂದ, ಎಷ್ಟು ಹತ್ತಿರದಿಂದ. ಉಳಿದ ಮೂರು ದಾರಿಗಳಲ್ಲಿ ಈ ಆಯ್ಕೆ ಎದುರಾಗುವುದೇ ಇಲ್ಲ.

ಓಬವ್ವನ ಕಥೆಯನ್ನೇ ತೆಗೆದುಕೊಳ್ಳಿ. ಕ್ಯಾಲೆಂಡರಿನಲ್ಲೂ ಶಾಲೆಯ ಗೋಡೆಯ ಮೇಲೂ ಇರುವುದು ಎತ್ತಿದ ಒನಕೆಯ ಕ್ಷಣ. ಅದು ಕಥೆಯ ತುದಿ, ಎಲ್ಲರಿಗೂ ಗೊತ್ತಿರುವುದು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವ ಮೊದಲು ಗಂಡ ಊಟಕ್ಕೆ ಕೂತಿದ್ದಾನೆ, ಅವಳು ನೀರಿಗೆ ಬಂದಿದ್ದಾಳೆ, ಸದ್ದು ಕೇಳುತ್ತದೆ. ಕೊಡ ಅರ್ಧ ತುಂಬಿದೆ, ಕತ್ತು ತಿರುಗಿದೆ. ಓದುಗರು ಮುಂದೇನಾಗುತ್ತದೆಂದು ಕಾಯುವುದು ಇಲ್ಲಿ. ಅದನ್ನೇ ಕಿಂಡಿಯ ಒಳಗಿನಿಂದ, ತೆವಳುವ ಸೈನಿಕನ ಕಣ್ಣಿನಿಂದ ತೆಗೆದರೆ ಪುಟದ ಮುಕ್ಕಾಲು ಭಾಗ ಕತ್ತಲೆ, ನಡುವೆ ಒಂದು ಸೀಳು ಬೆಳಕು. ಮೇಲಿನ ಬಂಡೆಯಿಂದ ನೋಡಿದರೆ ಇಬ್ಬರೂ ಕಾಣುತ್ತಾರೆ, ಆದರೆ ಒಬ್ಬರನ್ನೊಬ್ಬರು ಕಂಡಿಲ್ಲ. ಈ ಮೂರರಲ್ಲಿ ಒಂದನ್ನು ಕಾರಣ ಕೊಟ್ಟು ಆರಿಸುವುದೇ ಅಭ್ಯಾಸ.

ದಿನಕ್ಕೆ ಅರ್ಧ ಗಂಟೆ ಸಿಗುವವರು ಒಂದು ಚಿತ್ರವನ್ನು ಒಂದು ವಾರಕ್ಕೆ ಹೀಗೆ ಹರಡಬಹುದು. ಸೋಮವಾರ ಕಥೆ ಓದಿ ಬರೆಯಬೇಕಾದ ವಸ್ತುಗಳ ಪಟ್ಟಿ. ಮಂಗಳವಾರ 4×6 ಸೆಂಟಿಮೀಟರಿನ ಹನ್ನೆರಡು ಥಂಬ್‌ನೇಲ್, ಅಂದರೆ ಪುಟ್ಟ ಕರಡು ಚಿತ್ರಗಳು. ಮೊದಲ ನಾಲ್ಕು ಎಲ್ಲರಿಗೂ ಹೊಳೆಯುವಂಥವೇ ಬರುತ್ತವೆ, ಮುಂದಕ್ಕೆ ಹೋಗಿ. ಬುಧವಾರ ಮೂರನ್ನು ಆರಿಸಿ ಮೂರು ಛಾಯೆಯ ಪರೀಕ್ಷೆ. ಕೈ ಉದ್ದದ ದೂರದಿಂದಲೂ ಸ್ಪಷ್ಟವಾಗಿ ಕಾಣುವುದೇ ಉಳಿಯಲಿ. ಗುರುವಾರ ಆಧಾರ: ಕೊಡ ಹಿಡಿದ ಕೈಯನ್ನು ಮನೆಯವರನ್ನು ನಿಲ್ಲಿಸಿ ನೋಡಿ ಬರೆಯಿರಿ, ಭಾನುವಾರದ ಕೋಟೆ ಪುಟಗಳಿಂದ ಬಂಡೆ ತೆಗೆದುಕೊಳ್ಳಿ. ಶುಕ್ರವಾರ ಪೂರ್ಣ ಅಳತೆಯ ಪೆನ್ಸಿಲ್, ಶನಿವಾರ ಮಸಿ, ಭಾನುವಾರ ಛಾಯೆ ಮತ್ತು ಸ್ಕ್ಯಾನ್.

ಕೆಡುವ ಕಡೆಗಳೂ ಗೊತ್ತಿರಲಿ. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಮುಖ: ಮೊದಲ ಚಿತ್ರದ ಓಬವ್ವನೇ ಬೇರೆ, ನಾಲ್ಕನೆಯದರಲ್ಲಿರುವವಳೇ ಬೇರೆ. ಶುರುವಿನಲ್ಲೇ ಒಂದು ಹಾಳೆಯಲ್ಲಿ ಎದುರಿನ, ಪಕ್ಕದ, ಹಿಂದಿನ ನೋಟ, ಮೂರು ಮುಖಭಾವ, ಸೀರೆ ಉಟ್ಟ ರೀತಿ, ಒನಕೆ ಅವಳ ಭುಜದವರೆಗೋ ತಲೆಯವರೆಗೋ ಎಂಬುದನ್ನು ನಿಗದಿ ಮಾಡಿ, ಬರೆಯುವಾಗ ಎದುರಿಗೆ ಅಂಟಿಸಿಕೊಳ್ಳಿ. ಎರಡನೆಯದು, ಮೊದಲ ಚಿತ್ರವನ್ನೇ ಪೂರ್ತಿ ಮುಗಿಸಲು ಹೊರಡುವುದು. ಮೊದಲ ವಾರದ ಶನಿವಾರ ಬರುವಷ್ಟರಲ್ಲಿ ಐದಕ್ಕೂ ಒಂದೊಂದಾದರೂ ಥಂಬ್‌ನೇಲ್ ಆಗಿರಲಿ, ಅದಿಲ್ಲದೆ ಒಂದಕ್ಕೂ ಮಸಿ ಹಾಕಬೇಡಿ. ಇಲ್ಲದಿದ್ದರೆ ಐದೂ ಒಂದೇ ದೂರದಿಂದ, ಒಂದೇ ಎತ್ತರದಿಂದ ನೋಡಿದಂತಿರುತ್ತವೆ. ಮೂರನೆಯದು, ಶೀರ್ಷಿಕೆಗೂ ಅಕ್ಷರಕ್ಕೂ ಜಾಗ ಬಿಡದಿರುವುದು. ಚಿತ್ರ ಪುಟದ ಅಂಚಿಗೆ ತಾಗುವುದಾದರೆ ಕತ್ತರಿಸಲು ಎಲ್ಲ ಬದಿಗೂ 3 ಮಿಲಿಮೀಟರ್ ಹೆಚ್ಚು ಬಿಡಬೇಕು.

ಅಳತೆಯ ಲೆಕ್ಕವೂ ಇಲ್ಲೇ ಕಲಿಯಬೇಕು. ಎ4ನಲ್ಲಿ ಬರೆದು ಎ5ಗೆ ಇಳಿಸಿದರೆ ಎಲ್ಲವೂ ಶೇ. 71ಕ್ಕೆ ಇಳಿಯುತ್ತದೆ. 0.3ರ ಗೆರೆ ಸುಮಾರು 0.2 ಆಗುತ್ತದೆ, ಅಚ್ಚಿನಲ್ಲಿ ನಿಲ್ಲುತ್ತದೆ. 0.1ರ ಗೆರೆ 0.07 ಆಗಿ ಒರಟು ಕಾಗದದಲ್ಲಿ ಅಲ್ಲಲ್ಲಿ ಮುರಿಯುತ್ತದೆ. ಒತ್ತಾಗಿ ಎಳೆದ ಅಡ್ಡಗೆರೆಗಳು ಒಂದಕ್ಕೊಂದು ಕೂಡಿ ಕಪ್ಪು ಕಲೆಯಾಗುತ್ತವೆ. ಕಪ್ಪು ಗೆರೆಯ ಕೆಲಸವನ್ನು 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಬಣ್ಣದ್ದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೋನಿನ ಫೋಟೋದಲ್ಲಿ ಅಂಚು ಬಾಗುತ್ತದೆ, ಒಂದು ಮೂಲೆ ಮಬ್ಬಾಗುತ್ತದೆ.

ಟ್ಯಾಬ್ಲೆಟ್‌ನಲ್ಲೇ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಉಚಿತ, ಎ4ಗೆ 2480×3508 ಪಿಕ್ಸೆಲ್ ಇಟ್ಟುಕೊಂಡರೆ 300 ಡಿಪಿಐ ಸಿಗುತ್ತದೆ. ಛಾಯೆ ಪರೀಕ್ಷೆ, ಬಣ್ಣದ ಬದಲಾವಣೆ, ಸಂಪಾದಕರು ಹೇಳಿದ ತಿದ್ದುಪಡಿ ಇವಕ್ಕೆ ಕಾಗದಕ್ಕಿಂತ ಎಷ್ಟೋ ಮೇಲು. ಆದರೆ ಥಂಬ್‌ನೇಲ್ ಹಂತದಲ್ಲಿ ತೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ಕಣ್ರೆಪ್ಪೆ ಬರೆಯುತ್ತ ಕೂರುವುದು ಸುಲಭ, ಹನ್ನೆರಡರ ಬದಲು ಎರಡೇ ಆಗುತ್ತವೆ. ಥಂಬ್‌ನೇಲ್ ಕಾಗದದ ಮೇಲೆ ಬಾಲ್ ಪೆನ್ನಿನಲ್ಲಿ, ಮುಂದಿನದು ನಿಮಗೆ ಬಿಟ್ಟದ್ದು.

ಹೀಗಾಗಿ ನಾಲ್ಕರಲ್ಲಿ ಒಂದನ್ನು ಹಿಡಿದು ಮೂರನ್ನು ಬಿಡಬೇಕಿಲ್ಲ. ಕಥೆ ನಡುವೆ ಇರಲಿ, ದಿನದ ಅರ್ಧ ಗಂಟೆ ಅದಕ್ಕೇ ದುಡಿಯಲಿ: ಈ ವಾರ ಕೊಡ ಹೊತ್ತವಳು ಬೇಕೆಂದರೆ ಬೀದಿ ನಲ್ಲಿಯ ಬಳಿ ಕೂರುವುದು, ಮುಂದಿನ ವಾರ ಕಾವಲುಗಾರ ಬೇಕೆಂದರೆ ಬ್ಯಾಂಕಿನ ಬಾಗಿಲಲ್ಲಿ ನಿಂತವರ ಕಾಲುಗಳನ್ನು ನೋಡುವುದು. ವಿಷಯ ತಾನಾಗಿ ಬದಲಾಗುತ್ತದೆ, ಚಹಾ ಲೋಟದ ಪುಟಗಳು ಕಡಿಮೆಯಾಗುತ್ತವೆ. ದಿನ ತಪ್ಪಿದರೆ ಮರುದಿನ ಒಂದು ಗಂಟೆ ಮಾಡಿ ತುಂಬಲು ಹೋಗಬೇಡಿ, ಸಾಲ ಬೆಳೆಯುತ್ತದೆ. ವಾರದ ಪಟ್ಟಿಯಲ್ಲಿ ಎಲ್ಲಿದ್ದಿರೋ ಅಲ್ಲಿಂದಲೇ ಮುಂದುವರಿಸಿ. ಐದೂ ಮುಗಿದಾಗ ಪತ್ರಿಕೆಗೋ ಪ್ರಕಾಶಕರಿಗೋ ಕಳಿಸುವ ಮಾದರಿಯಲ್ಲಿ ಹತ್ತು ಪುಟ ಸಾಕು: ಇದೇ ಕಥೆಯ ಚಿತ್ರಗಳಲ್ಲಿ ಒಂದೇ ಪಾತ್ರ ಬರುವ ಮೂರು ಒಂದರ ಹಿಂದೊಂದು, ಆ ಪಾತ್ರದ ನೋಟಗಳ ಹಾಳೆ, ಒಂದು ಚಿತ್ರದ ಹನ್ನೆರಡೂ ಥಂಬ್‌ನೇಲ್ ಇರುವ ಪುಟ, ಉಳಿದದ್ದು ದಿನದ ಪುಸ್ತಕದಿಂದ ಆರಿಸಿದ ಭಂಗಿಗಳು ಮತ್ತು ಕೋಟೆಯ ಒಂದೆರಡು ಪುಟ.