ನೀರು ಮಂಡಿವರೆಗೂ ಇರಲಿಲ್ಲ, ಕಾರು ತೇಲಿತು

ಇದನ್ನು ಬರೆಯೋದಕ್ಕೆ ನನಗೇ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆವತ್ತು ನಾನು ಹಾಕಿದ ಲೆಕ್ಕವನ್ನೇ ಎಷ್ಟೋ ಜನ ಹಾಕುತ್ತಾರೆ.

ರಾತ್ರಿ ಒಂಬತ್ತು ದಾಟಿತ್ತು. ಮಳೆ ನಿಂತು ಗಂಟೆಯಾಗಿತ್ತು. ಮನೆಗೆ ಇನ್ನು ಹತ್ತೇ ನಿಮಿಷ. ನಡುವೆ ಒಂದು ತಗ್ಗಿನ ಸೇತುವೆ, ಅದರ ಮೇಲೆ ನೀರು ಹರಿಯುತ್ತಿತ್ತು. ಮಳೆ ನಿಂತರೆ ನೀರೂ ಇಳಿಯುತ್ತೆ ಅಂದುಕೊಂಡಿದ್ದೆ. ಮೇಲ್ಗಡೆ ಎಲ್ಲೋ ಸುರಿದ ಮಳೆ ತಡವಾಗಿ ಬರುತ್ತದೆ ಅನ್ನೋದು ತಲೆಗೆ ಹೊಳೆಯಲಿಲ್ಲ.

"ವಾಪಸ್ ಹೋಗೋಣ ಅಣ್ಣ" ಅಂದ ತಮ್ಮ. ಅಷ್ಟರಲ್ಲಿ ಮುಂದಿದ್ದ ಲಾರಿ ದಾಟಿ ಹೋಯಿತು. ಅದರ ಚಕ್ರ ಅರ್ಧವೂ ಮುಳುಗಲಿಲ್ಲ. "ಏನಾಗಲ್ಲ, ಸುಮ್ನಿರು" ಅಂದೆ. ಲಾರಿಯ ಭಾರ ಎಲ್ಲಿ, ನನ್ನ ಪುಟ್ಟ ಕಾರು ಎಲ್ಲಿ!

ಅರ್ಧ ದಾರಿಯಲ್ಲಿ ಸ್ಟೇರಿಂಗ್ ಹಗುರವಾಯಿತು. ಆ ಹಗುರ ಇನ್ನೂ ಕೈಯಲ್ಲೇ ಇದೆ. ಎಡಕ್ಕೆ ತಿರುಗಿಸಿದರೂ ಅಷ್ಟೇ, ಬಲಕ್ಕೆ ತಿರುಗಿಸಿದರೂ ಅಷ್ಟೇ. ಎಂಜಿನ್ ಓಡುತ್ತಿದೆ, ಕಾರು ಪಕ್ಕಕ್ಕೆ ಜಾರುತ್ತಿದೆ. ಮೊದಲು ಹಿಂಭಾಗ ತೇಲಿ ತಿರುಗಿತು. ಆಮೇಲೆ ಅಂಚಿನ ಕಲ್ಲುಕಂಬಕ್ಕೆ ಬಡಿದು ಸಿಕ್ಕಿಕೊಂಡಿತು.

ನಾನು ಪೆದ್ದನ ಹಾಗೆ ಬಾಗಿಲು ತಳ್ಳುತ್ತಿದ್ದೆ. ಹೊರಗಿನ ನೀರು ಒತ್ತಿ ಹಿಡಿದಿತ್ತು, ಅಲುಗಲಿಲ್ಲ. ತಮ್ಮ ಇಬ್ಬರ ಬೆಲ್ಟೂ ಬಿಚ್ಚಿ ಕಿಟಕಿ ಇಳಿಸಿದ. ನೀರು ಒಳಗೆ ತುಂಬಿ ಕರೆಂಟ್ ಕೈಕೊಟ್ಟರೆ ಆ ಗಾಜೂ ಇಳಿಯಲ್ಲ, ಹಾಗಾಗಿ ಕಿಟಕಿಯೇ ಮೊದಲ ಕೆಲಸ. ಹೊರಗೆ ನುಸುಳಿ ಕಾರಿನ ತಲೆ ಮೇಲೆ ಕೂತೆವು. ತುರ್ತು ನಂಬರಿಗೆ ಫೋನ್ ಮಾಡಿದೆವು.

ದಡದಲ್ಲಿ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಲು ಹೊರಟರು. ಉಳಿದವರು ತಡೆದರು, ಪುಣ್ಯ. ಹಾಗೆ ಕಟ್ಟಿದ ಹಗ್ಗ ಬಿಗಿಯಾದರೆ ಸೆಳವು ಇಳಿದವರನ್ನೇ ನೀರಿನಡಿಗೆ ಒತ್ತುತ್ತದೆಯಂತೆ. ಇದನ್ನು ಹೇಳಿದ್ದು ನಮ್ಮನ್ನು ಇಳಿಸಿಕೊಂಡ ರಕ್ಷಣಾ ತಂಡದವರು. ಇನ್ನೊಂದನ್ನೂ ಹೇಳಿದರು: ಸೆಳವಿಗೆ ಬಿದ್ದರೆ ಎದ್ದು ನಿಲ್ಲೋಕೆ ಹೋಗಬೇಡಿ, ಕಲ್ಲಿನ ಸಂದಿಗೆ ಕಾಲು ಸಿಕ್ಕಿದರೆ ನೀರು ಅಲ್ಲೇ ಮಗುಚಿ ಹಾಕುತ್ತದೆ. ಅಂಗಾತ ಮಲಗಿ, ಕಾಲು ನೀರು ಹೋಗುವ ಕಡೆಗಿಟ್ಟು, ಓರೆಯಾಗಿ ದಡದತ್ತ ಸರಿಯಬೇಕು.

ನಾನು ಅಳೆದದ್ದು ಆಳ ಮಾತ್ರ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಜೋರಾಗಿ ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು. ಸಣ್ಣ ಕಾರಿಗೆ 30 ಸಾಕು. 60 ಸೆಂ.ಮೀ. ಅಂದರೆ ದೊಡ್ಡ ಗಾಡಿಗಳನ್ನೂ ಎಳೆದೊಯ್ಯುತ್ತದೆ, ಜೀಪ್ ಇಟ್ಟುಕೊಂಡವರು ಇದನ್ನು ನಂಬೋದೇ ಇಲ್ಲ ಬಿಡಿ.

ಬೆಳಿಗ್ಗೆ ನೀರು ಇಳಿದ ಮೇಲೆ ನೋಡಲು ಹೋದೆವು. ಕಾರಿನಿಂದ ನಾಲ್ಕು ಹೆಜ್ಜೆ ಮುಂದೆ ರಸ್ತೆಯೇ ಇರಲಿಲ್ಲ. ಡಾಂಬರು ಹಪ್ಪಳದ ಹಾಗೆ ಮುರಿದು, ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಲಾರಿಯ ಭಾರಕ್ಕೆ ಕುಸಿಯಿತೋ, ಆಮೇಲೆ ಕುಸಿಯಿತೋ ಗೊತ್ತಿಲ್ಲ. ತಮ್ಮ ಗುಂಡಿಯೊಳಗೆ ಇಳಿದು ನಿಂತ. ಅವನ ಎದೆವರೆಗೆ ಬಂತು.

ಏನೂ ಅನ್ನಲಿಲ್ಲ ಅವನು. ಈಗ ಮಳೆ ಬಂದ ದಿನ ಕಾರಿನ ಕೀ ಅವನ ಜೇಬಿನಲ್ಲಿರುತ್ತದೆ.